ಓಕೆ ಅಂದರೆ ಏನಂತ: ಒಂದು ಪುಟ್ಟ ಪದದ ಹುಟ್ಟು ಹುಡುಕುವ, ಅರ್ಥ ಹಿಡಿಯುವ ಬಗೆ

ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ಅಕ್ಷರಕ್ಕೆ ಜಗಳ ಆಯಿತು. ಮೊಮ್ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಳೆ. ನನ್ನ ಹೆಂಡತಿ ಅವಳಿಗೆ ಬಸ್ಸಿನಲ್ಲಿ ಒಂದು ಡಬ್ಬಿ ಶೇಂಗಾ ಹೋಳಿಗೆ, ಒಂದು ಪೊಟ್ಟಣ ಚಟ್ನಿಪುಡಿ ಕಳಿಸಿದಳು. ಯಾವ ಬಸ್ಸು, ಎಷ್ಟೊತ್ತಿಗೆ ಮೆಜೆಸ್ಟಿಕ್ ಮುಟ್ಟುತ್ತೆ, ಹೋಳಿಗೆ ಎಷ್ಟು ದಿನ ಇಟ್ಟರೆ ಕೆಡಲ್ಲ, ರೂಮಿನ ಹುಡುಗಿಯರಿಗೆ ಎಷ್ಟು ಕೊಡಬೇಕು, ಎಲ್ಲ ಸೇರಿಸಿ ವಾಟ್ಸಾಪಿನಲ್ಲಿ ನಾಲ್ಕು ನಿಮಿಷ ಮಾತಾಡಿ ಕಳಿಸಿದಳು. ಉತ್ತರ ಬಂತು. ಇಂಗ್ಲಿಷಿನ ‘ಕೆ’. ಅಷ್ಟೇ. ಅದರ ಹಿಂದಿನ ‘ಓ’ ಕೂಡ ಇಲ್ಲ.

“ನಾಲ್ಕು ನಿಮಿಷ ಮಾತಾಡಿದ್ದಕ್ಕೆ ಒಂದು ಅಕ್ಷರಾನ? ಸಿಟ್ಟಾಗಿದಾಳೆ ನೋಡ್ರಿ” ಅಂದಳು.

ನಾನು ದಾವಣಗೆರೆಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ರೇಡಿಯೋ, ಟಿವಿ ರಿಪೇರಿ ಮಾಡಿದವನು. ರಾತ್ರಿ ಹೊತ್ತು ಹ್ಯಾಮ್ ರೇಡಿಯೋ ಹುಚ್ಚು, ಅಂದರೆ ಮನೆಯಿಂದಲೇ ದೂರದೂರದವರ ಜೊತೆ ರೇಡಿಯೋದಲ್ಲಿ ಮಾತಾಡುವ ಹವ್ಯಾಸ. ಉದ್ದ, ಗಿಡ್ಡ ಸದ್ದಿನಲ್ಲೇ ಅಕ್ಷರ ಹೇಳುವ ಮೋರ್ಸ್ ಕೋಡಿನಲ್ಲಿ ಟಕಟಕ ಕುಟ್ಟುತ್ತಾ ಕೂರುತ್ತೇನೆ. ನಮ್ಮಲ್ಲಿ ಮಾತು ಮುಗಿಸಿ ಕೊನೆಗೆ ‘ಕೆ’ ಕಳಿಸಿದರೆ “ನನ್ನದಾಯ್ತು, ಈಗ ನೀನು ಮಾತಾಡು” ಅಂತ ಅರ್ಥ. ಡಾ-ಡಿ-ಡಾ. ಇದನ್ನೇ ಅವಳಿಗೆ ಹೇಳಿ ಸಮಾಧಾನ ಮಾಡಲು ಹೋದೆ. “ಹೌದಾ?” ಅಂದವಳೇ ಫೋನ್ ಎತ್ತಿಕೊಂಡು ಇನ್ನೊಂದು ಏಳು ನಿಮಿಷ ಮಾತಾಡಿ ಕಳಿಸಿದಳು.

ಅದಾದ ಮೇಲೆ ಮೊಮ್ಮಗಳು ನನಗೆ ಫೋನ್ ಮಾಡಿ, “ಅಜ್ಜ, ನೀನು ಅಜ್ಜಿಗೆ ಏನು ಹೇಳಿಕೊಟ್ಟೆ?” ಅಂತ ಕೇಳಿದಳು. ಹಾಗಾಗಿ ಬರೆದೇ ಬಿಡೋಣ ಅನ್ನಿಸಿತು. ಓಕೆ ಅನ್ನೋ ಪದ ಎಲ್ಲಿಂದ ಬಂತು, ಇಂಥ ಬೀದಿಮಾತಿನ ಹುಟ್ಟು ಹುಡುಕುವುದು ಹೇಗೆ, ಎದುರಿನವರು ಓಕೆ ಅಂದಾಗ ಏನು ಹೇಳುತ್ತಿದ್ದಾರೆ ಅಂತ ಹಿಡಿಯುವುದು ಹೇಗೆ. ರಿಪೇರಿಯವನ ಅಭ್ಯಾಸ ನನ್ನದು. ಸೆಟ್ಟು ಬಿಚ್ಚದೆ ಮಾತಾಡಲ್ಲ.

ಮೊದಲು ದಿನಾಂಕ, ಆಮೇಲೆ ಕಥೆ

ಓಕೆ ಎಲ್ಲಿಂದ ಬಂತು ಅಂತ ಹತ್ತು ಜನರನ್ನು ಕೇಳಿ, ಹತ್ತು ಕಥೆ ಸಿಗುತ್ತದೆ. ಗ್ರೀಕರ ‘ಓಲಾ ಕಾಲಾ’ ಅಂತಾರೆ ಒಬ್ಬರು. ಅದರ ಅರ್ಥವೂ ‘ಎಲ್ಲ ಚೆನ್ನಾಗಿದೆ’ ಅಂತಲೇ. ಸ್ಕಾಟ್ಲೆಂಡಿನವರ ‘ಓಖ್ ಆಯ್’ ಅಂತಾರೆ ಇನ್ನೊಬ್ಬರು. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ‘ಓಕೆಹ್’ ಅನ್ನುವವರಿದ್ದಾರೆ. ಪಶ್ಚಿಮ ಆಫ್ರಿಕಾದ ವೊಲೊಫ್ ಭಾಷೆಯ ‘ವಾವ್ ಕೇ’ ಅನ್ನುವವರೂ ಇದ್ದಾರೆ. ಅಮೆರಿಕದ ಅಂತರ್ಯುದ್ಧದಲ್ಲಿ ಯಾರೂ ಸಾಯದ ದಿನ ‘ಸೊನ್ನೆ ಸಾವು’ ಅಂತ ಹಲಗೆ ಮೇಲೆ ಬರೆಯುತ್ತಿದ್ದರು, ಇಂಗ್ಲಿಷಿನಲ್ಲಿ ‘ಝೀರೋ ಕಿಲ್ಡ್’, ಸೊನ್ನೆ ಪಕ್ಕ ಕೆ, ಅದೇ ಓಕೆ ಅನ್ನೋದು ಮತ್ತೊಂದು. ಸೈನ್ಯಕ್ಕೆ ಬಿಸ್ಕತ್ತು ಕೊಡುತ್ತಿದ್ದ ವ್ಯಾಪಾರಿಯ ಹೆಸರಿನ ಮೊದಲ ಅಕ್ಷರಗಳು ಅನ್ನೋದು ಇನ್ನೂ ಒಂದು.

ಎಲ್ಲವೂ ಕೇಳಲು ಚೆಂದ. ಅದೇ ತೊಂದರೆ. ಒಂದು ಪದಕ್ಕೆ ಅಂಟಿಕೊಂಡ ಕಥೆ ತುಂಬಾ ಚೆಂದ ಇದ್ದರೆ ನನಗೆ ಅನುಮಾನ ಶುರು. ಯಾರೋ ಕೂತು ಆಮೇಲೆ ಹೊಸೆದಿರುತ್ತಾರೆ.

ಇದಕ್ಕೆ ಮದ್ದು ನಮ್ಮ ನಾಡಿನಲ್ಲೇ ಇದೆ. ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಅಂತ ಶಾಲೆಯಲ್ಲಿ ಕೇಳಿದ ನೆನಪಿದೆಯಲ್ವಾ? ಹೊಯ್ಸಳರ ಬಲ್ಲಾಳ ರಾಜ ಬೇಟೆಗೆ ಬಂದು ದಾರಿ ತಪ್ಪಿದ, ಒಬ್ಬ ಮುದುಕಿ ಬೆಂದ ಕಾಳು ಕೊಟ್ಟಳು, ಅದಕ್ಕೆ ‘ಬೆಂದಕಾಳೂರು’. ಆ ಬಲ್ಲಾಳನ ಕಾಲ ಹನ್ನೆರಡನೇ ಶತಮಾನದ ಕೊನೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ವೀರಗಲ್ಲಿನ ಶಾಸನ ಇದೆ. ಸುಮಾರು 890ರದ್ದು, ಗಂಗರ ಕಾಲದ್ದು. ಅದರಲ್ಲಿ ಬೆಂಗಳೂರಿನ ಕಾಳಗ ಅಂತ ಬರೆದಿದೆ. ರಾಜ ಕಾಳು ತಿನ್ನುವ ಹೊತ್ತಿಗೆ ಊರಿಗೆ ಆ ಹೆಸರು ಬಂದು ಮುನ್ನೂರು ವರ್ಷ ಆಗಿತ್ತು. ಕಥೆ ಅಲ್ಲಿಗೆ ಮುಗೀತು. ಕಾಳು ಬೆಂದಿರಬಹುದು, ಹೆಸರು ಅದರಿಂದ ಬಂದಿಲ್ಲ.

ಓಕೆಗೂ ಇದೇ ಅಳತೆ ಇಡಿ. ಯಾರ ಕಥೆ ಚೆಂದ ಅಂತ ನೋಡಬೇಡಿ. ಈ ಪದ, ಈ ಅರ್ಥದಲ್ಲಿ, ಅಚ್ಚಾದ ಹಳೇ ಕಾಗದ ಯಾವುದು, ಅದರ ಮೇಲೆ ತಾರೀಖು ಎಷ್ಟು, ಅದನ್ನು ನೋಡಿ.

ಓಕೆಯ ಬೇಗೂರು ಶಾಸನ ಅಂದರೆ ಅಮೆರಿಕದ ‘ಬೋಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆ, 1839ರ ಮಾರ್ಚ್ 23. ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್. ಪಕ್ಕದ ಪ್ರಾವಿಡೆನ್ಸ್ ಊರಿನ ಪತ್ರಿಕೆಯವರನ್ನು ಕಿಚಾಯಿಸುತ್ತಾ ಬರೆದ ಒಂದು ತಮಾಷೆ ಟಿಪ್ಪಣಿ ಅದು. ಅದರ ನಡುವೆ ಸುಮ್ನೆ ‘ಓ.ಕೆ.’ ಅಂತ ಹಾಕಿ, ಪಕ್ಕದಲ್ಲೇ ‘ಆಲ್ ಕರೆಕ್ಟ್’ ಅಂತ ಅರ್ಥವನ್ನೂ ಕೊಟ್ಟಿದ್ದಾರೆ. ಆದರೆ ಆಲ್ ಕರೆಕ್ಟ್ ಅನ್ನೋ ಪದಗಳು ಶುರುವಾಗೋದು ಎ ಮತ್ತು ಸಿ ಅಕ್ಷರದಿಂದ. ಓ, ಕೆ ಎಲ್ಲಿಂದ ಬಂದವು? ಅದೇ ಹಾಸ್ಯ. ಓದು ಬರಹ ಬಾರದವನ ಥರ ‘ಆಲ್’ಗೆ ಓ, ‘ಕರೆಕ್ಟ್’ಗೆ ಕೆ ಹಾಕಿ ಬೇಕಂತಲೇ ತಪ್ಪು ಬರೆಯೋದು. ಸರಿ ಅನ್ನೋದನ್ನೇ ತಪ್ಪಾಗಿ ಬರೆದು ನಗೋದು. ಅವರು ಸರಿಯಾಗಿ ಬರೆದಿದ್ದರೆ ನಾವೆಲ್ಲ ಇವತ್ತು “ಎಸಿ ಸರ್, ಎಸಿ” ಅಂತಿದ್ವಿ.

ಈ ಒಂದು ತಾರೀಖಿನಿಂದ ಎಷ್ಟು ಕಥೆ ಬಿದ್ದವು ನೋಡಿ. ಅಮೆರಿಕದ ಅಂತರ್ಯುದ್ಧ ನಡೆದದ್ದು 1861ರಿಂದ 1865. ಸೊನ್ನೆ ಸಾವಿನ ಹಲಗೆ, ಬಿಸ್ಕತ್ತಿನ ವ್ಯಾಪಾರಿ, ಎರಡೂ ಹೋದವು. ಟೆಲಿಗ್ರಾಫಿನವರು ಹುಟ್ಟಿಸಿದ್ದು ಅಂತ ನಮ್ಮ ಹ್ಯಾಮ್ ಗೆಳೆಯರು ಕೆಲವರು ಎದೆ ತಟ್ಟಿಕೊಳ್ಳುತ್ತಾರೆ. ಮೋರ್ಸ್ ಸಾಹೇಬ ವಾಷಿಂಗ್ಟನ್‌ನಿಂದ ಬಾಲ್ಟಿಮೋರಿಗೆ ಮೊದಲ ತಂತಿ ಕಳಿಸಿದ್ದು 1844ರ ಮೇ ತಿಂಗಳು. ಓಕೆಗೆ ಆಗಲೇ ಐದು ವರ್ಷ ತುಂಬಿತ್ತು. ನನಗೂ ಬೇಜಾರೇ, ಆದರೆ ತಾರೀಖು ತಾರೀಖೇ.

ತಾರೀಖಿಗೆ ಬಗ್ಗದ ಕಥೆಗಳಿಗೆ ಏನು ಮಾಡೋದು

ಗ್ರೀಕ್, ಚಾಕ್ಟಾ, ವೊಲೊಫ್ ಎಲ್ಲ 1839ಕ್ಕಿಂತ ಎಷ್ಟೋ ಹಳೇ ಭಾಷೆಗಳು. ಇವನ್ನು ತಾರೀಖಿನಿಂದ ಬೀಳಿಸಲು ಆಗಲ್ಲ. ಆಗ ಪದದ ನೆರೆಹೊರೆ ನೋಡಬೇಕು. ಒಂದು ಕಂಡೆನ್ಸರ್ ಸುಟ್ಟಿದ್ದರೆ ಅದರ ಪಕ್ಕದ ಪಾರ್ಟುಗಳನ್ನೂ ನೋಡ್ತೀವಲ್ಲ, ಹಾಗೆ.

1838, 39ರ ಬೋಸ್ಟನ್ ಪತ್ರಿಕೆಗಳಲ್ಲಿ ಓಕೆ ಒಂಟಿಯಾಗಿರಲಿಲ್ಲ. ಅದರ ಸುತ್ತ ಒಂದು ಹಿಂಡೇ ಇತ್ತು. ‘ನೋ ಗೋ’, ಅಂದರೆ ಆಗದ ಕೆಲಸ ಅನ್ನೋದಕ್ಕೆ ‘ಕೆ.ಜಿ.’ ಅಂತ ಬರೆಯುತ್ತಿದ್ದರು. ‘ನೋ’ ಅನ್ನೋದಕ್ಕೆ ಕೆ ಹಾಕಿ ತಪ್ಪು ಬರೆದಂತೆ. ‘ಆಲ್ ರೈಟ್’ ಅನ್ನೋದಕ್ಕೆ ‘ಓ.ಡಬ್ಲ್ಯೂ.’ ಅಂತ ಇತ್ತು. ಇದಂತೂ ಓಕೆಯ ಸ್ವಂತ ತಂಗಿ. ಓ ಅದೇ ಓ, ತಪ್ಪು ಅದೇ ತಪ್ಪು. ‘ಇಷ್ಟು ಹೇಳಿದ್ದು ಸಾಕು’ ಅನ್ನೋದಕ್ಕೆ ‘ಎನ್.ಎಸ್.’ ಇತ್ತು. ನಮ್ಮ ಮೊಮ್ಮಗಳ ಗುಂಪಿನವರು ‘ಎಲ್‌ಓಎಲ್’, ‘ಬಿಆರ್‌ಬಿ’ ಅಂತ ಮಾತನ್ನು ಮೊದಲಕ್ಷರಕ್ಕೆ ಇಳಿಸಿ ಬರೆಯುತ್ತಾರಲ್ಲ, ಅದೇ ಚಾಳಿ. ಒಂದು ಪದ ಅದರ ಅಕ್ಕತಂಗಿಯರ ಜೊತೆಗೇ ಸಿಕ್ಕರೆ ಅದರ ಮನೆ ಯಾವುದು ಅಂತ ಬೇರೆ ಕೇಳಬೇಕಾಗಿಲ್ಲ.

ಹಾಗಾದರೆ ಚಾಕ್ಟಾ ಕಥೆ ಇಷ್ಟು ಗಟ್ಟಿಯಾಗಿ ಉಳಿದದ್ದು ಯಾಕೆ? ದೊಡ್ಡವರು ನಂಬಿದ್ದರು, ಅದಕ್ಕೆ. ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಕಡತಗಳ ಮೇಲೆ ಒಪ್ಪಿಗೆಗೆ ‘ಓಕೆಹ್’ ಅಂತಲೇ ಬರೆಯುತ್ತಿದ್ದರು. ಆ ಹೆಸರಿನ ಗ್ರಾಮಫೋನ್ ರೆಕಾರ್ಡ್ ಕಂಪನಿಯೂ 1918ರಲ್ಲಿ ಶುರುವಾಯಿತು. ಅದನ್ನು ಕಟ್ಟಿದವರು ಆಟೋ ಹೈನ್‌ಮನ್, ಹೆಸರಿಗೆ ತಮ್ಮ ಇನಿಷಿಯಲ್ಲನ್ನೇ ಕೂಡಿಸಿಕೊಂಡಿದ್ದರು. ಆದರೆ ಚಾಕ್ಟಾ ಊರಿಂದ ಬೋಸ್ಟನ್ನಿನ ಆ ಪತ್ರಿಕೆಯವರೆಗೆ ಪದ ನಡೆದು ಬಂದ ಹೆಜ್ಜೆ ಒಂದೂ ಇಲ್ಲ. ಬೋಸ್ಟನ್ನಿಂದ ಮುಂದಕ್ಕೆ ಹೆಜ್ಜೆ ಮೇಲೆ ಹೆಜ್ಜೆ ಇದೆ.

ಆ ಹೆಜ್ಜೆಗಳಲ್ಲಿ ದೊಡ್ಡದು 1840ರ ಚುನಾವಣೆ. ಅಧ್ಯಕ್ಷರಾಗಿದ್ದ ಮಾರ್ಟಿನ್ ವಾನ್ ಬ್ಯೂರೆನ್ ಮತ್ತೆ ನಿಂತಿದ್ದರು. ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಬೆಂಬಲಿಗರು ಅವರನ್ನು ‘ಓಲ್ಡ್ ಕಿಂಡರ್‌ಹುಕ್’ ಅಂತ ಕರೆದು ‘ಓ.ಕೆ. ಕ್ಲಬ್’ ಕಟ್ಟಿದರು. ನಮ್ಮ ಕಡೆ ಊರ ಹೆಸರಿಂದಲೇ ಗೌಡರನ್ನು ಕರೀತೀವಲ್ಲ, ಹಾಗೆ. ಎದುರಾಳಿಗಳು ಬಿಡ್ತಾರಾ? ‘ಔಟ್ ಆಫ್ ಕ್ಯಾಶ್’, ಅಂದರೆ ಕಾಸಿಲ್ಲದವನು ಅಂತ ತಿರುಗಿಸಿದರು. ಅದರಲ್ಲೂ ಕ್ಯಾಶ್‌ಗೆ ಕೆ ಹಾಕಿ. ಜೊತೆಗೆ ಇನ್ನೊಂದು ಕುಚೋದ್ಯ: ವಾನ್ ಬ್ಯೂರೆನ್‌ಗಿಂತ ಮುಂಚೆ ಅಧ್ಯಕ್ಷರಾಗಿದ್ದ ಆಂಡ್ರ್ಯೂ ಜಾಕ್ಸನ್‌ಗೆ ಸರಿಯಾಗಿ ಬರೆಯಲು ಬರುತ್ತಿರಲಿಲ್ಲ, ಅವರೇ ಕಡತದ ಮೇಲೆ ಓ.ಕೆ. ಅಂತ ತಪ್ಪು ಬರೆದರು ಅನ್ನೋ ಗಾಳಿಸುದ್ದಿ. ವಾನ್ ಬ್ಯೂರೆನ್ ಸೋತರು. ಓಕೆ ಗೆದ್ದಿತು.

ಜಾಕ್ಸನ್ ಕಥೆಯಲ್ಲಿ ಹುಡುಕುವವರಿಗೆ ಒಂದು ಪಾಠ ಇದೆ. ಟೆನ್ನೆಸಿಯ 1790ರ ಒಂದು ಕೋರ್ಟ್ ದಾಖಲೆಯಲ್ಲಿ ಜಾಕ್ಸನ್ ಹೆಸರಿನ ಜೊತೆ ಓ.ಕೆ. ಇದೆ ಅಂತ ಬಹಳ ಜನ ಕುಣಿದರು. ಸರಿಯಾಗಿ ನೋಡಿದರೆ ಅದು ‘ಓ.ಆರ್.’. ‘ಆದೇಶ ದಾಖಲಾಗಿದೆ’ ಅನ್ನೋದರ ಗಿಡ್ಡ ರೂಪ. ಕೈಬರಹದ ಇಂಗ್ಲಿಷ್ ಆರ್ ಮತ್ತು ಕೆ ಅವಳಿಜವಳಿ ಇದ್ದ ಹಾಗೆ. ಕೈಬರಹದ ಮೇಲೆ ಮನೆ ಕಟ್ಟಬೇಡಿ.

ಇದನ್ನೆಲ್ಲ ಬಿಚ್ಚಿ ಜೋಡಿಸಿದವರು ಆಲನ್ ವಾಕರ್ ರೀಡ್. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್. ಅವರಿಂದಲೂ ಒಂದು ಕಲಿಯೋದಿದೆ. 1941ರಲ್ಲಿ ಅವರು ಓಕೆಯನ್ನು ಓಲ್ಡ್ ಕಿಂಡರ್‌ಹುಕ್ ಕ್ಲಬ್ಬಿನವರೆಗೆ ಹಿಡಿದು ಬರೆದರು. ಅಲ್ಲಿಗೇ ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಕಳೆದು, 1963, 64ರಲ್ಲಿ ಮತ್ತೆ ಸಾಲು ಲೇಖನ ಬರೆದು ಮೂಲವನ್ನು 1839ಕ್ಕೆ ಹಿಂದಕ್ಕೆ ಒಯ್ದರು. ತಮ್ಮದೇ ಉತ್ತರಕ್ಕಿಂತ ಹಳೇ ಕಾಗದ ಹುಡುಕಿದರು. ಇಂಥ ಮೆಕ್ಯಾನಿಕ್ಕು ಸಿಗೋದು ಕಷ್ಟ.

ಅವರು ಕಾಗದ ತಿರುವಿ ತಿರುವಿ ಮಾಡಿದ ಕೆಲಸವನ್ನು ಈಗ ಮನೆಯಲ್ಲೇ ಕೂತು ಸ್ವಲ್ಪಮಟ್ಟಿಗೆ ಮಾಡಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ಹಳೇ ಪತ್ರಿಕೆಗಳನ್ನು ‘ಕ್ರಾನಿಕ್ಲಿಂಗ್ ಅಮೆರಿಕ’ ಅನ್ನೋ ಹೆಸರಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಜೊನಾಥನ್ ಗ್ರೀನ್ ಅವರ ಬೀದಿಮಾತಿನ ದೊಡ್ಡ ನಿಘಂಟು 2016ರಿಂದ ಆನ್‌ಲೈನ್ ಇದೆ, ಪ್ರತಿ ಅರ್ಥಕ್ಕೂ ವರ್ಷ ಹಾಕಿ ಉದಾಹರಣೆ ಕೊಡುತ್ತದೆ. ಹುಡುಕುವಾಗ ಎರಡು ಗುಂಡಿಗೆ ಬೀಳಬೇಡಿ. ಬರೀ ಓಕೆ ಅಂತ ಹಾಕಿದರೆ ಓಕ್ಲಹೋಮಾ ರಾಜ್ಯದ ರಾಶಿ ಬಂದು ಬೀಳುತ್ತದೆ, ಅದರ ಅಂಚೆ ಗುರುತೂ ಓಕೆಯೇ. (ಆ ರಾಜ್ಯದ ಹೆಸರು ಮಾತ್ರ ನಿಜವಾಗಿಯೂ ಚಾಕ್ಟಾ ಮಾತು, ‘ಕೆಂಪು ಜನ’ ಅಂತ. ಎಂಥ ತಮಾಷೆ.) ಅಕ್ಷರಗಳ ನಡುವೆ ಚುಕ್ಕಿ ಹಾಕಿ, ಪಕ್ಕದಲ್ಲಿ ‘ಆಲ್ ಕರೆಕ್ಟ್’ ಸೇರಿಸಿ, ವರ್ಷವನ್ನು 1845ಕ್ಕೆ ನಿಲ್ಲಿಸಿ. ಎರಡನೇ ಗುಂಡಿ, ಕಂಪ್ಯೂಟರಿಗೆ ಹಳೇ ಅಚ್ಚು ಸರಿಯಾಗಿ ಕಾಣಲ್ಲ. ಮಸಿ ಹರಡಿದ ಯಾವುದೋ ಅಕ್ಷರವನ್ನು ಕೆ ಅಂದುಬಿಡುತ್ತದೆ. ಪುಟದ ಚಿತ್ರವನ್ನೇ ತೆರೆದು ಕಣ್ಣಾರೆ ನೋಡಿ. ಮೊದಲ ದಿನ ನನಗೆ 1802ರ ಓ.ಕೆ. ಸಿಕ್ಕಿತ್ತು. ಹೆಂಡತಿಯನ್ನೂ ಎಬ್ಬಿಸಿದ್ದೆ. ನೋಡಿದರೆ ಯಾರದೋ ಹೆಸರಿನ ಇನಿಷಿಯಲ್ಲು.

ಹುಟ್ಟಿದ ಅರ್ಥ ಒಂದು, ಬೆಳೆದ ಅರ್ಥ ಹಲವು

ಹುಟ್ಟಿನಲ್ಲಿ ಓಕೆ ಅಂದರೆ ‘ಎಲ್ಲ ಸರಿ ಇದೆ’. ಪರೀಕ್ಷೆ ಮಾಡಿ ನೋಡಿದ್ದೀನಿ, ತಪ್ಪಿಲ್ಲ ಅಂತ. ನನ್ನ ಅಂಗಡಿಯ ಓಕೆ ಇದೇ ಓಕೆ. ರಿಪೇರಿ ಆದ ಸೆಟ್ಟಿಗೆ ಒಂದು ಚೀಟಿ ಅಂಟಿಸಿ ಓ.ಕೆ. ಅಂತ ಬರೆದು ತಾರೀಖು ಹಾಕುತ್ತಿದ್ದೆ. ಆಗ ಬೋಸ್ಟನ್ನೂ ಗೊತ್ತಿಲ್ಲ, ಗ್ರೀನೂ ಗೊತ್ತಿಲ್ಲ.

ಆಮೇಲೆ ರೈಲು, ತಂತಿ ಬಂದವು. ಅಮೆರಿಕದ ತಂತಿಯವರು ಸಂದೇಶ ಬಂದು ಮುಟ್ಟಿತು ಅನ್ನೋದಕ್ಕೆ ಓಕೆ ಕುಟ್ಟಲು ಶುರು ಮಾಡಿದರು. ಈಗಿನ ಮೋರ್ಸಿನಲ್ಲಿ ಓ ಅಂದರೆ ಮೂರು ಉದ್ದ, ಕೆ ಅಂದರೆ ಉದ್ದ, ಗಿಡ್ಡ, ಉದ್ದ. ಅವರ ಹಳೇ ಮೋರ್ಸಿನಲ್ಲಿ ಓ ಇನ್ನೂ ಸುಲಭ, ನಡುವೆ ಜಾಗ ಬಿಟ್ಟು ಎರಡು ಚುಕ್ಕಿ. ಇಲ್ಲಿ ಅರ್ಥ ಒಂಚೂರು ಸರಿಯಿತು, ಗಮನಿಸಿ. ‘ಸರಿ ಇದೆ’ ಅನ್ನೋದು ‘ಮುಟ್ಟಿತು’ ಆಯಿತು. ತಂತಿಯಲ್ಲಿ ಮದುವೆ ಸುದ್ದಿ ಬರಲಿ, ಸಾವಿನ ಸುದ್ದಿ ಬರಲಿ, ಆ ತುದಿಯವನು ಓಕೆ ಅನ್ನುತ್ತಾನೆ. ಸಾವನ್ನು ಒಪ್ಪಿದ ಅಂತಲ್ಲ. ಅಕ್ಷರ ಬಂದವು ಅಂತ.

ಅರ್ಧ ಜಗಳಗಳು ಇಲ್ಲೇ ಹುಟ್ಟೋದು ಅಂತ ನನ್ನ ಲೆಕ್ಕ. ಹೇಳುವವನು ‘ಮುಟ್ಟಿತು’ ಅಂತಾನೆ, ಕೇಳುವವನು ‘ಒಪ್ಪಿದ’ ಅಂದುಕೊಳ್ಳುತ್ತಾನೆ. ಒಂದು ಸಲ ಮದುವೆ ಮನೆಯವರ ಆಂಪ್ಲಿಫೈಯರಿಗೆ ಓ.ಕೆ. ಚೀಟಿ ಅಂಟಿಸಿ ಕೊಟ್ಟೆ. ಟೇಬಲ್ ಮೇಲೆ ಒಂದು ಗಂಟೆ ಹಾಡಿಸಿ ನೋಡಿದ್ದೆ, ಅದಕ್ಕೆ ಓ.ಕೆ. ಅವರು ‘ಎರಡು ದಿನದ ಮದುವೆ ಪೂರ್ತಿ ನಡೆಯುತ್ತೆ’ ಅಂತ ಓದಿಕೊಂಡರು. ಸರಿಯಾಗಿ ಧಾರೆ ಹೊತ್ತಿಗೆ ಕುಯ್ಯೋ ಅಂತ ಕೂಗಿ ಸುಮ್ಮನಾಯಿತಂತೆ. ಹುಡುಗಿಯ ಸೋದರಮಾವ ಮಂಡಿಪೇಟೆಯಿಂದ ನನ್ನ ಅಂಗಡಿವರೆಗೆ ಬೈಯುತ್ತಲೇ ಬಂದ. ಅವತ್ತಿಂದ ಚೀಟಿಯಲ್ಲಿ ಓ.ಕೆ. ಕೆಳಗೆ ‘1 ಗಂಟೆ ನೋಡಿದೆ’ ಅಂತ ಬರೆಯಲು ಶುರು ಮಾಡಿದೆ.

ಹಾಗಾಗಿ ಯಾರಾದರೂ ಓಕೆ ಅಂದರೆ ಮೊದಲು ಇದನ್ನು ಕೇಳಿಕೊಳ್ಳಿ: ಇದು ‘ಸರಿ ಇದೆ’ಯೋ, ‘ಮುಟ್ಟಿತು’ವೋ, ‘ಆಗಲಿ’ಯೋ? ಕನ್ನಡದಲ್ಲಿ ಈ ಮೂರಕ್ಕೂ ಬೇರೆ ಬೇರೆ ಮಾತಿದೆ. ಓಕೆಯನ್ನು ತೆಗೆದು ಆ ಜಾಗಕ್ಕೆ ಕನ್ನಡದ ಒಂದೊಂದೇ ಮಾತು ಹಾಕಿ ನೋಡಿ, ಯಾವುದು ಕೂರುತ್ತೆ ಅಂತ. ಗಿರಾಕಿಗೆ ಬಿಲ್ಲು ಹೇಳಿದಾಗ “ಓಕೆ” ಅಂದರೆ ‘ಹೂಂ’ ಕೂರುತ್ತೋ ‘ಆಗಲಿ’ ಕೂರುತ್ತೋ? ‘ಹೂಂ’ ಆದರೆ ಚೌಕಾಸಿ ಇನ್ನೂ ಬಾಕಿ ಇದೆ. ಆಫೀಸಿನಲ್ಲಿ ಹುಡುಗರು “ಓಕೆ ಸರ್” ಅಂದರೆ ಬಹಳ ಸಲ ಅದು ‘ಕೇಳಿಸಿತು ಸರ್’ ಅಷ್ಟೇ. “ಯಾವಾಗ?” ಅಂತ ಇನ್ನೊಂದು ಪ್ರಶ್ನೆ ಹಾಕಿ, ಬಣ್ಣ ಗೊತ್ತಾಗುತ್ತೆ.

ಬಾಯಲ್ಲಿ ಹೇಳುವಾಗ ಉದ್ದ ನೋಡಿ. “ಓಕೆ” ಅಂತ ಗಿಡ್ಡಕ್ಕೆ ಕತ್ತರಿಸಿದರೆ ಮಾತು ಮುಗೀತು. “ಓಓಕೇ” ಅಂತ ಎಳೆದರೆ ನಂಬಿಕೆ ಬಂದಿಲ್ಲ. “ಓಕೆ ಓಕೆ ಓಕೆ” ಅಂತ ಬೇಗ ಬೇಗ ಅಂದರೆ ಸಾಕು ಮಾರಾಯಾ, ಬಿಡು ಅಂತ. ಅದೇ “ಸಿನಿಮಾ ಹೆಂಗಿತ್ತು?” ಅಂತ ಕೇಳಿದಾಗ “ಓಕೆ ಓಕೆ” ಅಂದರೆ ಅಷ್ಟಕ್ಕಷ್ಟೇ ಇತ್ತು, ಟಿಕೆಟ್ ದುಡ್ಡು ದಂಡ ಅನ್ನೋದಕ್ಕೆ ಒಂದು ಹೆಜ್ಜೆ ಈಚೆ. ಒಬ್ಬ ಹುಡುಗಿ “ಹುಡುಗ ಓಕೆ” ಅನ್ನೋದಕ್ಕೂ “ಹುಡುಗನಿಗೆ ಓಕೆ” ಅನ್ನೋದಕ್ಕೂ ನಡುವೆ ಒಂದು ಮದುವೆಯಷ್ಟು ಅಂತರ ಇದೆ. ಫೋನಿನ ಕೊನೆಗೆ “ಓಕೆ, ಇಡ್ಲಾ?” ಅನ್ನುವ ಓಕೆಗೆ ಅರ್ಥವೇ ಇಲ್ಲ, ಅದು ಬಾಗಿಲು ಎಳೆದುಕೊಳ್ಳುವ ಸದ್ದು.

ಬರೆಯುವಾಗ ಉದ್ದ ಎಳೆಯಲು ಆಗಲ್ಲ, ಅದಕ್ಕೆ ಹುಡುಗರು ಬೇರೆ ದಾರಿ ಮಾಡಿಕೊಂಡಿದ್ದಾರೆ. ಮೊಮ್ಮಗಳು ಹೇಳಿಕೊಟ್ಟಿದ್ದು ಹೇಳ್ತೀನಿ. ‘ಓಕೆ’ ಮಾಮೂಲು. ‘ಕೆ’ ಒಂದೇ ಬರೆದರೆ ಗೆಳೆಯರ ನಡುವೆ ಸ್ವಲ್ಪ ಮುನಿಸಿನ ಹಾಗೆ, ಅಥವಾ ಕ್ಲಾಸಿನಲ್ಲಿ ಕೂತು ಕದ್ದು ಬರೆದ ಹಾಗೆ. (ಹೋಳಿಗೆ ದಿನ ಅವಳು ಲ್ಯಾಬಿನಲ್ಲಿದ್ದಳಂತೆ.) ‘ಕೆಕೆ’ ಅಂತ ಎರಡು ಹಾಕಿದರೆ ಅದೇ ನಗುಮುಖದ್ದು. ಓಕೆ ಮುಂದೆ ಪೂರ್ಣವಿರಾಮ ಇಟ್ಟರೆ ಸಿಟ್ಟು. ನಮ್ಮ ಕಾಲದ ಮೇಷ್ಟ್ರು ಪೂರ್ಣವಿರಾಮ ಇಡದಿದ್ದರೆ ಹೊಡೆಯುತ್ತಿದ್ದರು, ಈಗ ಇಟ್ಟರೆ ಮೊಮ್ಮಕ್ಕಳು ಬೇಜಾರಾಗುತ್ತಾರೆ. ಮೂರು ‘ಕೆ’ ಮಾತ್ರ ಎಂದೂ ಹಾಕಬೇಡಿ. ಬ್ರೆಜಿಲ್‌ನವರಿಗೆ ಅದು ಹಹಹ ಅಂತ ನಗು, ಅಮೆರಿಕದವರಿಗೆ ಬಿಳಿ ಮುಸುಕು ಹಾಕಿಕೊಂಡು ಕರಿಯರನ್ನು ಕೊಂದ ಗುಂಪಿನ ಹೆಸರು.

ಹಿರಿಯರಿಗೆ ಬರೆಯುವ ಮಕ್ಕಳಿಗೆ ನನ್ನದೊಂದು ಸುಲಭದ ಉಪಾಯ. ‘ಕೆ’ ಬರೆಯಿರಿ, ಬೇಡ ಅನ್ನಲ್ಲ. ಪಕ್ಕದಲ್ಲಿ ‘ಅಜ್ಜಿ’ ಅಂತ ಸೇರಿಸಿ. ‘ಕೆ ಅಜ್ಜಿ’. ಎರಡಕ್ಷರ ಜಾಸ್ತಿ ಆಯಿತು, ಏಳು ನಿಮಿಷದ ಧ್ವನಿ ಉಳೀತು.

ಕಂಪ್ಯೂಟರಿನ ಓಕೆ ಬಟನ್ನಿಗೂ ಒಂದು ಕಥೆ ಇದೆ. 1983ರಲ್ಲಿ ಬಂದ ಆಪಲ್ ಕಂಪನಿಯ ‘ಲೀಸಾ’ ಕಂಪ್ಯೂಟರ್ ಮಾಡುವಾಗ ಆ ಬಟನ್ ಮೇಲೆ ‘ಡೂ ಇಟ್’, ಅಂದರೆ ‘ಮಾಡು’ ಅಂತ ಇತ್ತಂತೆ. ಪರೀಕ್ಷೆಗೆ ಕೂರಿಸಿದ ಒಬ್ಬನಿಗೆ ಎರಡು ಪದದ ನಡುವಿನ ಜಾಗ ಕಾಣಲಿಲ್ಲ, ‘ಇಟ್’ನ ದೊಡ್ಡ ಐ ಅಕ್ಷರ ಸಣ್ಣ ಎಲ್ ಥರ ಕಂಡಿತು. ಅವನು ‘ಡೋಲ್ಟ್’ ಅಂತ ಓದಿಕೊಂಡ. ಹಾಗಂದರೆ ದಡ್ಡ ಅಂತ. “ಇದು ನನ್ನನ್ನು ಯಾಕೆ ದಡ್ಡ ಅಂತಿದೆ?” ಅಂತ ಸಿಟ್ಟಾದ. ಅದಕ್ಕೇ ಓಕೆ ಅಂತ ಬದಲಾಯಿಸಿದರು. ನಾವು ದಿನಾ ಒತ್ತುವ ಆ ಓಕೆಗೆ ‘ಒಪ್ಪಿದೆ’ ಅಂತ ಅರ್ಥ. ಏನು ಒಪ್ಪಿದೆವು ಅಂತ ಯಾರೂ ಓದಲ್ಲ, ಆ ಮಾತು ಬೇರೆ.

ಬೆರಳಿನ ಓಕೆ

ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸೋದು ಇದೆಯಲ್ಲ, ಇದರಲ್ಲಿ ಹುಷಾರು. ನಮಗೆ ಅದು ‘ಸೂಪರ್’. ಕಣ್ಣು ಮುಚ್ಚಿ ಕೂತರೆ ಅದೇ ಚಿನ್ಮುದ್ರೆ. ಭರತನಾಟ್ಯದವರಿಗೆ ಹಂಸಾಸ್ಯ. ಜಪಾನಿನಲ್ಲಿ ದುಡ್ಡು. ಫ್ರಾನ್ಸಿನಲ್ಲಿ ಸೊನ್ನೆ, ಪ್ರಯೋಜನಕ್ಕೆ ಬಾರದ್ದು ಅಂತ. ಬ್ರೆಜಿಲ್‌ನಲ್ಲಿ ಬೈಗುಳ, ಬಿಡಿಸಿ ಹೇಳುವ ಹಾಗಿಲ್ಲ. ಅಮೆರಿಕದಲ್ಲಿ ಕೆಲವು ಜನಾಂಗದ್ವೇಷಿಗಳು ಇದನ್ನು ತಮ್ಮ ಗುರುತು ಮಾಡಿಕೊಂಡಿದ್ದರಿಂದ 2019ರಲ್ಲಿ ಅಲ್ಲಿನ ಆ್ಯಂಟಿ ಡಿಫಮೇಷನ್ ಲೀಗ್ ಅನ್ನೋ ದ್ವೇಷವಿರೋಧಿ ಸಂಸ್ಥೆ ಇದನ್ನು ದ್ವೇಷದ ಚಿಹ್ನೆಗಳ ಪಟ್ಟಿಗೆ ಸೇರಿಸಿತು. ಹಾಗಂತ ಮಾಡಿದವರೆಲ್ಲ ದ್ವೇಷಿಗಳಲ್ಲ, ಸಂದರ್ಭ ನೋಡಿ ಅಂತಲೂ ಹೇಳಿತು. ಮಕ್ಕಳ ಮನೆಗೆ ಅಲ್ಲಿಗೆ ಹೋಗುವವರು ಫೋಟೋಗೆ ನಿಲ್ಲುವಾಗ ಕೈ ಜೇಬಿನಲ್ಲಿಟ್ಟುಕೊಳ್ಳಿ.

ನೀರೊಳಗೆ ಮಾತ್ರ ಅರ್ಥ ಒಂದೇ. ನಮ್ಮ ಅಣ್ಣನ ಮಗ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾಕ್ಕೆ ಇಳಿದ. ಕೆಳಗೆ ಮೀನು, ಹವಳ ನೋಡಿ ಖುಷಿಯಾಗಿ ಜೊತೆಯಲ್ಲಿದ್ದ ಕಲಿಸುವವರಿಗೆ ಹೆಬ್ಬೆರಳು ಎತ್ತಿ ತೋರಿಸಿದ. ಅವರು ಇವನನ್ನು ಹಿಡಿದುಕೊಂಡು ನೀರಿಂದ ಮೇಲಕ್ಕೆ ತಂದೇಬಿಟ್ಟರು. ಡೈವಿಂಗಿನಲ್ಲಿ ಹೆಬ್ಬೆರಳು ಮೇಲೆತ್ತಿದರೆ ‘ಮೇಲಕ್ಕೆ ಹೋಗೋಣ’ ಅಂತ. ಚೆನ್ನಾಗಿದ್ದೀನಿ ಅನ್ನಲು ಉಂಗುರದ ಓಕೆಯೇ ತೋರಿಸಬೇಕು. ಕೊಟ್ಟ ದುಡ್ಡಿಗೆ ಅರ್ಧ ಸಮುದ್ರ ನೋಡಿ ಬಂದ.

ಲಾರಿ ಹಿಂದಿನ ಓಕೆ

ಈಗ ನಿಮಗೊಂದು ಅಭ್ಯಾಸ. ‘ಹಾರ್ನ್ ಓಕೆ ಪ್ಲೀಸ್’. ಹೈವೇಯಲ್ಲಿ ಲಾರಿ ಹಿಂದೆ ಹೋಗುವಾಗ ಇದನ್ನು ಓದದೆ ಬೆಳೆದ ಕನ್ನಡಿಗ ಇಲ್ಲ. ನಡುವಿನ ಓಕೆ ಏನು ಮಾಡುತ್ತಿದೆ? ಎರಡನೇ ಮಹಾಯುದ್ಧದಲ್ಲಿ ಡೀಸೆಲ್ ಸಿಗದೆ ಸೀಮೆಎಣ್ಣೆಯಲ್ಲಿ ಲಾರಿ ಓಡಿಸುತ್ತಿದ್ದರು, ‘ಆನ್ ಕೆರೋಸಿನ್’ ಅಂತ ಎಚ್ಚರಿಕೆ ಅನ್ನೋದು ಒಂದು ಕಥೆ. ಟಾಟಾದವರದ್ದು ಓಕೆ ಅನ್ನೋ ಸೋಪಿತ್ತು, ಅದರ ಜಾಹೀರಾತು ಅನ್ನೋದು ಎರಡನೆಯದು. ಹಿಂದಿನವನಿಗೆ ‘ಓವರ್‌ಟೇಕ್’ ಮಾಡು ಅನ್ನೋದೇ ಸವೆದು ಓಕೆ ಆಯಿತು ಅನ್ನೋದು ಮೂರನೆಯದು. ನಮ್ಮೂರಿನ ಲಾರಿ ಪೇಂಟರ್ ಒಬ್ಬರನ್ನು ಕೇಳಿದೆ. “ನಡುವೆ ಜಾಗ ಖಾಲಿ ಕಾಣುತ್ತೆ ಅಣ್ಣ, ಅದಕ್ಕೆ ದೊಡ್ಡದಾಗಿ ಓಕೆ ಬರೀತೀವಿ” ಅಂದರು. ಅದು ನಾಲ್ಕನೆಯದು.

ಬೇಗೂರಿನ ಅಳತೆ ಇಡಿ. 1940ರ ಸುಮಾರಿನ ಲಾರಿಯ ಫೋಟೋ, ಅದರ ಮೇಲೆ ಸೀಮೆಎಣ್ಣೆಯ ಎಚ್ಚರಿಕೆ, ತೋರಿಸುವವರು ಬಂದರೆ ಕೂತು ಮಾತಾಡೋಣ. ಬರೀ ಕಥೆ ಹೇಳಿದರೆ ಚಹಾ ಕುಡಿಸಿ ಕಳಿಸಿ. ತಾರೀಖಿರುವ ಒಂದು ಸಂಗತಿ ಮಾತ್ರ ಇದೆ: 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಲಾರಿಗಳ ಮೇಲೆ ಇದನ್ನು ಬರೆಯಬಾರದು ಅಂತ ಆದೇಶ ಮಾಡಿತು, ಸುಮ್ನೆ ಹಾರ್ನ್ ಹೊಡೆಯಲು ಕುಮ್ಮಕ್ಕು ಕೊಡುತ್ತದೆ ಅಂತ. ಪೇಂಟರಿಗೆ ಇದನ್ನು ಹೇಳಿದೆ. “ಓಕೆ” ಅಂದರು. ಬ್ರಷ್ ನಿಲ್ಲಿಸಲಿಲ್ಲ.

ಇದನ್ನೆಲ್ಲ ಬರೆದು ಮುಗಿಸುವ ಹೊತ್ತಿಗೆ ನಿನ್ನೆ ರಾತ್ರಿ ಒಂಬತ್ತಾಗಿತ್ತು. ಸುಮ್ನೆ ರೇಡಿಯೋ ಹಚ್ಚಿ 14 ಮೆಗಾಹರ್ಟ್ಸ್ ಕಡೆ ತಿರುಗಿಸಿದೆ. ದೂರದಿಂದ ಸಣ್ಣಗೆ ಒಬ್ಬ ಕರೆಯುತ್ತಿದ್ದ. ಡಾ-ಡಾ-ಡಾ, ಡಾ-ಡಿ-ಡಾ. ಓ, ಕೆ. ಜೆಕ್ ದೇಶದ ಹ್ಯಾಮ್‌ಗಳ ಕರೆಗುರುತು ಶುರುವಾಗೋದೇ ಓಕೆಯಿಂದ, ನಮ್ಮದು ವಿಯು ಇದ್ದ ಹಾಗೆ. ಹೆಡ್‌ಫೋನ್ ಒತ್ತಿ ಹಿಡಿದುಕೊಂಡೆ.

“ಊಟಕ್ಕೆ ಬರ್ರೀ” ಅಂತ ಒಳಗಿಂದ ಕೂಗು.

“ಓಕೆ” ಅಂದೆ.

ಅವನ ಜೊತೆ ಮಾತು ಮುಗಿಸಿ ಎದ್ದು ಹೋಗುವಾಗ ಹತ್ತೂವರೆ. ರೊಟ್ಟಿ ತಟ್ಟೆಯಲ್ಲಿ ಮುಚ್ಚಿಟ್ಟಿತ್ತು, ತಣ್ಣಗೆ. “ಒಂಬತ್ತಕ್ಕೇ ಓಕೆ ಅಂದ್ರಲ್ಲ?” ಅಂದಳು.

“ಮುಟ್ಟಿತು ಅಂದೆ ಕಣೆ” ಅಂದೆ. ಪಲ್ಯ ನಾನೇ ಬಿಸಿ ಮಾಡಿಕೊಂಡೆ.